ಮನೆಗೆ ಹೊಂದುವ, ನೆಲಕ್ಕೆ ಒಗ್ಗುವ ತೋಟ ಮಾಡುವುದು ಹೇಗೆ?

ಮನೆ ಕಟ್ಟಿ ಮುಗಿದ ಕೂಡಲೇ ಹೆಚ್ಚಿನವರು ಓಡುವುದು ನರ್ಸರಿಗೆ. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ತುಂಬಿಕೊಂಡು ಬರುತ್ತಾರೆ, ಖಾಲಿ ಕಂಡಲ್ಲೆಲ್ಲ ನೆಡುತ್ತಾರೆ. ಎರಡು ವರ್ಷ ಬಿಟ್ಟು ನೋಡಿದರೆ ಮನೆ ಚೆನ್ನಾಗಿರುತ್ತದೆ, ಗಿಡಗಳೂ ಚೆನ್ನಾಗಿರುತ್ತವೆ, ಆದರೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಗಿಡ ಆರಿಸಿದ್ದು ತಪ್ಪಾಯಿತು ಅಂತ ಜನ ಅಂದುಕೊಳ್ಳುತ್ತಾರೆ. ಬಹಳ ಸಲ ತಪ್ಪು ಗಿಡದ್ದಲ್ಲ, ಕೆಲಸದ ಕ್ರಮದ್ದು.

ತೋಟದ ವಿನ್ಯಾಸ ಶುರುವಾಗಬೇಕಾದ್ದು ಮನೆಯ ಕಿಟಕಿಯಿಂದ. ಮುಗಿಯಬೇಕಾದ್ದು ಬೇಲಿಯಾಚೆ ಕಾಣುವ ನೋಟದಲ್ಲಿ. ಗಿಡದ ಮಾತು ಈ ಎರಡರ ನಡುವೆ ಎಲ್ಲೋ ಬರುತ್ತದೆ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಜಾಗ ಚಿಕ್ಕದಿರಲಿ, ದೊಡ್ಡದಿರಲಿ, ಕ್ರಮ ಮಾತ್ರ ಇದೇ.

1. ಒಳಗೆ ಕೂತು ಹೊರಗೆ ನೋಡಿ

ನಾವು ತೋಟದಲ್ಲಿ ಓಡಾಡುವ ಹೊತ್ತಿಗಿಂತ ಅದನ್ನು ಒಳಗಿಂದ ನೋಡುವ ಹೊತ್ತೇ ಜಾಸ್ತಿ. ಅಡುಗೆಮನೆಯಲ್ಲಿ ನಿಂತಾಗ, ಹಾಲಿನಲ್ಲಿ ಕೂತಾಗ, ಬೆಳಿಗ್ಗೆ ಎದ್ದು ಪರದೆ ಸರಿಸಿದಾಗ. ಹಾಗಾಗಿ ಕಾಗದ, ಪೆನ್ಸಿಲ್ ಹಿಡಿದು ಮನೆಯೊಳಗೇ ಕೆಲಸ ಶುರು ಮಾಡಿ.

ಪ್ರತಿ ಮುಖ್ಯ ಕಿಟಕಿ, ಬಾಗಿಲಿನ ಹತ್ತಿರ ಒಮ್ಮೆ ಕೂತು ನೋಡಿ, ಒಮ್ಮೆ ನಿಂತು ನೋಡಿ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 110-120 ಸೆಂ.ಮೀ. ಎತ್ತರದಲ್ಲಿರುತ್ತದೆ, ನಿಂತವರದು 150-160. ಕೇಳಲು ಸಣ್ಣ ವ್ಯತ್ಯಾಸ, ಆದರೆ ನಿಂತಾಗ ಕಂಡ ಬೆಟ್ಟ ಕೂತಾಗ ಮಾಯವಾಗಲು ಅಷ್ಟು ಸಾಕು. ಅಂಗಳದ ಮಟ್ಟದಲ್ಲೇ ಇರುವ ಕೋಣೆಯ ಕಿಟಕಿಯ ಮುಂದೆ ಒಂದೂವರೆ ಮೀಟರ್ ಬೆಳೆಯುವ ಪೊದೆ ನೆಟ್ಟರೆ, ಕೂತವರಿಗೆ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮನೆಯ ನೆಲ ಅಂಗಳಕ್ಕಿಂತ ಎತ್ತರವಿದ್ದರೆ ಆ ಎತ್ತರವನ್ನೂ ಸೇರಿಸಿ ಲೆಕ್ಕ ಹಾಕಿ.

ಪ್ರತಿ ಕಿಟಕಿಯಿಂದ ಒಂದು ಫೋಟೋ ತೆಗೆದು ಪ್ರಿಂಟ್ ಹಾಕಿಸಿ. ಅದರ ಮೇಲೆ ತೆಳು ಕಾಗದ ಇಟ್ಟು, ಬೇಕಾದ್ದನ್ನು ಬರೆಯಿರಿ, ಬೇಡದ್ದನ್ನು ಅಳಿಸಿ. ಇಲ್ಲಿ ಒಂದು ಮರ, ಅಲ್ಲಿ ನೀರಿನ ಟ್ಯಾಂಕ್ ಮರೆ, ಆ ಮೂಲೆ ಖಾಲಿ. ಚಿತ್ರ ಬರೆಯಲು ಬರದವರಿಗೂ ಇದು ಬರುತ್ತದೆ. ದುಬಾರಿ ಸಾಫ್ಟ್‌ವೇರಿನ ಮೂರು ಆಯಾಮದ ಚಿತ್ರಕ್ಕಿಂತ ಇದೇ ಹೆಚ್ಚು ನಿಜ ಹೇಳುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಆ ಚಿತ್ರಗಳಲ್ಲಿ ತೋಟವನ್ನು ಯಾವಾಗಲೂ ಆಕಾಶದಿಂದ ಹಕ್ಕಿ ನೋಡಿದ ಹಾಗೆ ತೋರಿಸುತ್ತಾರೆ. ಅಲ್ಲಿಂದ ನೀವು ಯಾವತ್ತೂ ನೋಡುವುದಿಲ್ಲ, ಅಲ್ವಾ?

2. ಜಾಗದ ಗುಣ ತಿಳಿದುಕೊಳ್ಳಿ

ಈಗ ಹೊರಗೆ ಬನ್ನಿ. ಅಳತೆ ಟೇಪ್ ಹಿಡಿದು ಒಂದು ನಕ್ಷೆ ಮಾಡಿ. ಮನೆ ತೋಟಕ್ಕೆ 1:100 ಅಳತೆ ಅನುಕೂಲ. ಕಾಗದದ ಮೇಲಿನ ಒಂದು ಸೆಂ.ಮೀ. ಅಂದರೆ ನೆಲದ ಮೇಲೆ ಒಂದು ಮೀಟರ್. ಮನೆಯ ಮೂಲೆಗಳು, ಬಾಗಿಲು, ಕಿಟಕಿ, ನಲ್ಲಿ, ನೆಲದಡಿಯ ಪೈಪು, ಕೇಬಲ್, ಚೇಂಬರ್ ಮುಚ್ಚಳ, ಈಗಾಗಲೇ ಇರುವ ಮರಗಳು, ಎಲ್ಲವನ್ನೂ ಗುರುತಿಸಿ.

ಬಿಸಿಲು: ಒಂದು ದಿನ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಮನೆಯ ನೆರಳು ಎಲ್ಲಿಗೆ ಬೀಳುತ್ತದೆ ಅಂತ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ನಕ್ಷೆಗೆ ಇಳಿಸಿ. ಸೂರ್ಯನ ದಾರಿ ವರ್ಷದುದ್ದಕ್ಕೂ ಬದಲಾಗುತ್ತದೆ. ಆರು ತಿಂಗಳ ನಂತರ ಇನ್ನೊಮ್ಮೆ ನೋಡಿದರೆ ಒಳ್ಳೆಯದು. ಅಷ್ಟು ಕಾಯಲು ಆಗದಿದ್ದರೆ ಸೂರ್ಯನ ದಾರಿ ತೋರಿಸುವ ಮೊಬೈಲ್ ಆ್ಯಪ್‌ಗಳಿವೆ.

ನೀರು: ಜೋರು ಮಳೆ ಬರುವಾಗ ಛತ್ರಿ ಹಿಡಿದು ಹೊರಗೆ ನಿಲ್ಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿಂದ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ಒಂದು ಒಣ ದಿನ 30 ಸೆಂ.ಮೀ. ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಅಳೆಯಿರಿ. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ನೀರು ಸರಿಯಾಗಿ ಇಂಗುತ್ತಿಲ್ಲ ಅಂತ ಅರ್ಥ. ಅಲ್ಲಿ ಎತ್ತರದ ಮಡಿ ಮಾಡಬೇಕು, ಇಲ್ಲವೇ ನೀರು ನಿಂತರೂ ಸಹಿಸುವ ಗಿಡ ಹಾಕಬೇಕು.

ಮಣ್ಣು: ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ನುಣುಪು ಮಣ್ಣು ಕೆಲವು ಗಂಟೆ ತೆಗೆದುಕೊಳ್ಳುತ್ತದೆ. ಜೇಡಿ ಇಳಿಯಲು ಒಂದು ದಿನ ಅಥವಾ ಇನ್ನೂ ಜಾಸ್ತಿ ಬೇಕು. ಪದರಗಳ ದಪ್ಪ ನೋಡಿದರೆ ಯಾವುದು ಎಷ್ಟಿದೆ ಅಂತ ಗೊತ್ತಾಗುತ್ತದೆ. ಒಂದು ಎಚ್ಚರ: ಮನೆ ಕಟ್ಟಿದ ಜಾಗದಲ್ಲಿ ಮೇಲೆ ಕಾಣುವುದು ಹೆಚ್ಚಾಗಿ ಪಾಯದಿಂದ ಎತ್ತಿ ಹಾಕಿದ ಅಡಿ ಮಣ್ಣು. ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ ಎಲ್ಲ ಅದರಲ್ಲೇ ಹೂತಿರುತ್ತವೆ. ಬಾಟಲಿಗೆ ಮಣ್ಣು ತೆಗೆಯುವಾಗ ನಾಲ್ಕೈದು ಕಡೆ ಅಗೆದು ನೋಡಿ.

ಜಾಗದಲ್ಲಿ ದೊಡ್ಡ ಮರವಿದ್ದರೆ ಅದು ನಿಮ್ಮ ಅದೃಷ್ಟ. ಅದನ್ನು ಉಳಿಸಿಕೊಳ್ಳಲು ಒಂದು ಲೆಕ್ಕವಿದೆ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಎಷ್ಟಿದೆಯೋ ಅದರ 12 ಪಟ್ಟು ದೂರದವರೆಗೆ, ಸುತ್ತಲೂ, ನೆಲ ಮುಟ್ಟಬಾರದು. ಕಾಂಡ 30 ಸೆಂ.ಮೀ. ದಪ್ಪವಿದ್ದರೆ 3.6 ಮೀಟರ್. ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂ.ಮೀ. ಮಣ್ಣಿನಲ್ಲೇ ಹರಡಿರುತ್ತವೆ. ಅದರ ಮೇಲೆ ಲಾರಿ ಓಡಿದರೆ, ಜಲ್ಲಿ ರಾಶಿ ಹಾಕಿದರೆ, ಮಣ್ಣು ಏರಿಸಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಮರ ತಕ್ಷಣ ಸಾಯುವುದಿಲ್ಲ, ಮೂರ್ನಾಲ್ಕು ವರ್ಷ ಬಿಟ್ಟು ಮೇಲಿಂದ ಒಣಗುತ್ತಾ ಬರುತ್ತದೆ. ಆಗ ಯಾರಿಗೂ ಕಾರಣ ನೆನಪಿರುವುದಿಲ್ಲ. ಕೆಲಸ ಶುರುವಾಗುವ ಮೊದಲೇ ಸುತ್ತ ಗೂಟ ಹೊಡೆದು ಬೇಲಿ ಕಟ್ಟಿಬಿಡಿ.

3. ಬೇಲಿಯಾಚೆ ಏನಿದೆ?

ತೋಟ ಕಾಂಪೌಂಡ್ ಗೋಡೆಗೆ ಮುಗಿಯುತ್ತದೆ ಅಂತ ಅಂದುಕೊಳ್ಳಬೇಡಿ. ಕಣ್ಣು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ನಿಮ್ಮದೇ. ದೂರದ ಬೆಟ್ಟ, ಪಕ್ಕದವರ ಹಳೆಯ ಮರ, ಕೆರೆ, ಸುಮ್ನೆ ತೆರೆದ ಆಕಾಶ. ಇದನ್ನೆಲ್ಲ ಎರವಲು ತರಬಹುದು.

ಇದರಲ್ಲಿ ಪಳಗಿದ ಕೈ ಜಪಾನಿನ ತೋಟಗಾರರದು. ಕ್ಯೋಟೊ ನಗರದ ಎನ್ತ್ಸುಜಿ ದೇವಾಲಯದಲ್ಲಿ ಜಗಲಿಯ ಮೇಲೆ ಕೂತರೆ ಮುಂದೆ ಪಾಚಿ, ಚದುರಿದ ತಗ್ಗು ಕಲ್ಲುಗಳು ಕಾಣುತ್ತವೆ. ಅದರ ಹಿಂದೆ ಸಮನಾಗಿ ಕತ್ತರಿಸಿದ ಹಸಿರು ಬೇಲಿ. ಬೇಲಿಯಾಚೆ ನೆಟ್ಟಗೆ ನಿಂತ ಮರದ ಕಾಂಡಗಳು. ಆ ಕಾಂಡಗಳ ಸಂದಿಯಲ್ಲಿ ದೂರದ ಹಿಯೇ ಬೆಟ್ಟ. ಇಲ್ಲಿನ ಉಪಾಯವೆಲ್ಲ ಬೇಲಿಯಲ್ಲಿದೆ. ಬೆಟ್ಟಕ್ಕೂ ತೋಟಕ್ಕೂ ನಡುವೆ ಇರುವುದನ್ನೆಲ್ಲ ಅದು ಮರೆ ಮಾಡುತ್ತದೆ. ನಡುವಿನದು ಕಾಣದೇ ಹೋದಾಗ ದೂರದ್ದು ಹತ್ತಿರ ಬಂದಂತೆ ಅನ್ನಿಸುತ್ತದೆ. ನಿಂತ ಕಾಂಡಗಳು ನೋಟಕ್ಕೆ ಚೌಕಟ್ಟು ಹಾಕುತ್ತವೆ.

ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ 1948ರಲ್ಲಿ ಬೆಂತೋಟದ ಹತ್ತಿರ ಒಂದು ಹಳೆಯ ರಬ್ಬರ್ ತೋಟ ಕೊಂಡರು. ಅದೇ ಲುನುಗಂಗಾ. ಸುಮಾರು ಐವತ್ತು ವರ್ಷ ಅದನ್ನು ತಿದ್ದುತ್ತಲೇ ಇದ್ದರು. ಮನೆಯಿಂದ ಎದುರಿನ ಗುಡ್ಡದ ಕಡೆ ನೋಡಿದರೆ ಅಲ್ಲಿ ಮರದ ಕೆಳಗೆ ಒಂದು ದೊಡ್ಡ ಜಾಡಿ ಕಾಣುತ್ತದೆ. ಅದೇ ಗೆರೆಯಲ್ಲಿ, ಬಹಳ ದೂರದಲ್ಲಿ, ಬಿಳಿ ಸ್ತೂಪ. ನಡುವೆ ಹಾದುಹೋಗುವ ರಸ್ತೆ ಮಾತ್ರ ಕಾಣುವುದಿಲ್ಲ, ಅದು ತಗ್ಗಿನಲ್ಲಿ ಮರೆಯಾಗಿದೆ. ಒಂದು ಜಾಡಿ ಇಟ್ಟು ದೂರದ ಸ್ತೂಪವನ್ನು ತೋಟದೊಳಗೆ ತಂದದ್ದು ನೋಡಿ.

ನೀವು ಮಾಡಬೇಕಾದ್ದು ಇಷ್ಟು. ನಕ್ಷೆಯ ಅಂಚಿನಲ್ಲಿ ಬಾಣದ ಗುರುತು ಹಾಕುತ್ತಾ ಹೋಗಿ: ಇದು ಬೇಕು, ಇದು ಬೇಡ. ಬೇಕಾದ ನೋಟ ಇರುವ ಕಡೆ ಗೋಡೆ ತಗ್ಗಿಸಿ ಅಥವಾ ಜಾಲರಿ ಬೇಲಿ ಹಾಕಿ, ಎರಡು ಪಕ್ಕಕ್ಕೆ ಮರ ನೆಟ್ಟು ಚೌಕಟ್ಟು ಮಾಡಿ. ಬೇಡದ ನೋಟವನ್ನು ಮರೆ ಮಾಡಲು ಅಂಚಿನಲ್ಲೇ ಗಿಡ ನೆಡಬೇಕೆಂದಿಲ್ಲ. ಮರೆ ನಿಮ್ಮ ಕಣ್ಣಿಗೆ ಹತ್ತಿರ ಬಂದಷ್ಟೂ ಚಿಕ್ಕದಿದ್ದರೆ ಸಾಕು. ಎದುರಿನ ಮೂರಂತಸ್ತಿನ ಕಟ್ಟಡವನ್ನು ಬೇಲಿ ಸಾಲಿನ ಮರದಿಂದ ಮುಚ್ಚಲು ಹತ್ತು ವರ್ಷ ಕಾಯಬೇಕು. ಅದನ್ನೇ ಜಗಲಿಯ ಪಕ್ಕದಲ್ಲಿ ಮೂರು ಮೀಟರಿನ ಚಿಕ್ಕ ಮರ ಒಂದೆರಡು ವರ್ಷದಲ್ಲಿ ಮುಚ್ಚೀತು.

ಗಾಳಿ ಜೋರಾಗಿರುವ ಜಾಗದಲ್ಲಿ ಗಟ್ಟಿ ಗೋಡೆಗಿಂತ ಗಾಳಿ ಸ್ವಲ್ಪ ನುಸುಳುವ ಬೇಲಿಯೇ ಮೇಲು. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಸುಳಿಯಾಗಿ ಬೀಳುತ್ತದೆ. ಅರ್ಧದಷ್ಟು ಸಂದಿ ಇರುವ ಗಿಡದ ಬೇಲಿ ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿಯ ವೇಗ ತಗ್ಗಿಸುತ್ತದೆ.

4. ಮನೆಯ ಗೆರೆಗಳನ್ನು ಹೊರಗೆ ತನ್ನಿ

ಇಡೀ ಕೆಲಸದ ಜೀವ ಇದರಲ್ಲಿದೆ. ಇದನ್ನು ಅವಸರ ಮಾಡಬೇಡಿ.

ನಕ್ಷೆಯ ಮೇಲೆ ತೆಳು ಕಾಗದ ಹರಡಿ. ಸ್ಕೇಲ್ ಇಟ್ಟು ಮನೆಯ ಪ್ರತಿ ಮೂಲೆ, ಪ್ರತಿ ಕಂಬ, ಬಾಗಿಲು ಮತ್ತು ದೊಡ್ಡ ಕಿಟಕಿಗಳ ಎರಡೂ ಅಂಚಿನಿಂದ ತೋಟದ ಕಡೆಗೆ ನೇರ ಗೆರೆ ಎಳೆಯಿರಿ. ಒಂದು ಜಾಲರಿ ಮೂಡುತ್ತದೆ. ಇನ್ನು ನೀವು ಹಾಕುವ ಹಾಸುಗಲ್ಲಿನ ಅಂಚು, ಪಾತಿಯ ತುದಿ, ಮೆಟ್ಟಿಲು, ನೀರಿನ ಕೊಳ, ಮರದ ಸಾಲು ಆದಷ್ಟು ಈ ಗೆರೆಗಳ ಮೇಲೆ ಕೂರಲಿ.

ಒಂದು ಉದಾಹರಣೆ ಬಿಡಿಸಿ ನೋಡೋಣ. ವರಾಂಡದ ಕಂಬಗಳು 3 ಮೀಟರಿಗೊಂದು ಇವೆ ಅಂದುಕೊಳ್ಳಿ. ಎದುರಿನ ಹಾಸುಗಲ್ಲಿನ ಪಟ್ಟಿಗಳು ಅದೇ 3 ಮೀಟರಿಗೆ ಬರಲಿ. ಅದರಾಚೆ ಚಿಕ್ಕ ಮರಗಳಿದ್ದರೆ ಅವೂ 3 ಮೀಟರಿಗೊಂದು, ಕಂಬದ ಗೆರೆಯಲ್ಲೇ. ಬಾಗಿಲು 1.5 ಮೀಟರ್ ಅಗಲವಿದ್ದರೆ ಅದರಿಂದ ಹೊರಡುವ ದಾರಿಯೂ ಅಷ್ಟೇ ಅಗಲ. ಕಿಟಕಿಯ ಕೆಳಗಿನ ಅಂಚು 90 ಸೆಂ.ಮೀ. ಎತ್ತರದಲ್ಲಿದ್ದರೆ ಮುಂದಿನ ಹಸಿರು ಬೇಲಿಯನ್ನು ಅದೇ ಮಟ್ಟಕ್ಕೆ ಕತ್ತರಿಸಿ, ಕೂರುವ ಕಟ್ಟೆಯನ್ನು ಅದರ ಅರ್ಧಕ್ಕೆ, 45 ಸೆಂ.ಮೀ.ಗೆ ನಿಲ್ಲಿಸಿ. ಕೂರಲು ಕೂಡ ಅದೇ ಸರಿಯಾದ ಎತ್ತರ. ನೋಡುವವರಿಗೆ ಈ ಲೆಕ್ಕ ಯಾವುದೂ ಗೊತ್ತಾಗುವುದಿಲ್ಲ. ಎಲ್ಲವೂ ತನ್ನಷ್ಟಕ್ಕೆ ಕೂತ ಹಾಗೆ ಅನ್ನಿಸುತ್ತದೆ, ಅಷ್ಟೆ.

ಮನೆಯಿಂದ ದೂರ ಹೋದಂತೆ ಈ ಗೆರೆಗಳನ್ನು ಸಡಿಲ ಬಿಡಿ. ಮನೆಯ ಪಕ್ಕದಲ್ಲಿ ನೇರ ಅಂಚು, ಕತ್ತರಿಸಿದ ಬೇಲಿ, ಕಲ್ಲು ಹಾಸು. ನಡುವೆ ಹುಲ್ಲು, ಪೊದೆ. ಕೊನೆಯಲ್ಲಿ ಸುತ್ತಲಿನ ನೆಲದ್ದೇ ಗಿಡಮರ, ಅದರದ್ದೇ ಏರಿಳಿತ. ಇಂಗ್ಲೆಂಡಿನ ಹೆಸ್ಟರ್‌ಕೂಂಬ್ ತೋಟದಲ್ಲಿ ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್ ಕಲ್ಲಿನ ಗೆರೆಗಳನ್ನು ಬಿಗಿಯಾಗಿ ಹಾಕಿದರು, ತೋಟ ವಿನ್ಯಾಸಕಿ ಗರ್ಟ್ರೂಡ್ ಜೀಕಲ್ ಅದರ ಅಂಚು ಮುಚ್ಚುವಷ್ಟು ಗಿಡ ಹರಡಿದರು. ಗೆರೆ ಬಿಗಿ ಇದ್ದದ್ದರಿಂದಲೇ ಗಿಡ ಚೆಲ್ಲಾಡಿದರೂ ತೋಟ ಗಲೀಜು ಅನ್ನಿಸುವುದಿಲ್ಲ. ಇದೇ ಇಬ್ಬರ ಇನ್ನೊಂದು ಕಥೆಯೂ ಇದೆ. ಜೀಕಲ್ ತಮ್ಮ ಸ್ವಂತ ಜಾಗ ಮನ್‌ಸ್ಟೆಡ್ ವುಡ್‌ನಲ್ಲಿ ಮೊದಲು ತೋಟ ಮಾಡಿದರು. ಲಟ್ಯೆನ್ಸ್ ಅಲ್ಲಿ ಅವರಿಗೆ ಮನೆ ಕಟ್ಟಿಕೊಟ್ಟದ್ದು ವರ್ಷಗಳ ನಂತರ, 1897ರ ಹೊತ್ತಿಗೆ. ನಿಮ್ಮ ಮನೆ ಇನ್ನೂ ನಕ್ಷೆಯಲ್ಲೇ ಇದ್ದರೆ ಈಗಲೇ ತೋಟದ ಮಾತು ಎತ್ತಿ. ಆಗ ಒಂದು ಕಿಟಕಿಯನ್ನು ಅರ್ಧ ಮೀಟರ್ ಸರಿಸಲು ರಬ್ಬರ್ ಸಾಕು.

ಎಲ್ಲ ಜಾಗಕ್ಕೂ ನೇರ ಗೆರೆಯೇ ಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ 1948ರಲ್ಲಿ ತೋಟ ವಿನ್ಯಾಸಕ ಥಾಮಸ್ ಚರ್ಚ್ ಮಾಡಿದ ಡಾನೆಲ್ ತೋಟದ ಈಜುಕೊಳ ಬಳುಕಿನ ಆಕಾರದ್ದು. ಕೆಳಗಿನ ಜೌಗು ನೆಲದಲ್ಲಿ ಬಳುಕುತ್ತಾ ಹರಿಯುವ ತೊರೆಗಳನ್ನು ಅದು ಹೋಲುತ್ತದೆ. ಅಲ್ಲಿದ್ದ ಓಕ್ ಮರಗಳನ್ನು ಕಡಿಯದೆ, ಅವುಗಳ ಸುತ್ತ ಮರದ ಹಲಗೆಯ ಅಟ್ಟ ಕಟ್ಟಿದರು. ಬಳುಕಿಗೆ ಅಲ್ಲಿ ಕಾರಣವಿತ್ತು. ನಾಲ್ಕು ಗೋಡೆ ನಡುವಿನ ಚೌಕ ಸೈಟಿನಲ್ಲಿ, ಕಾರಣವಿಲ್ಲದೆ ಹಾವಿನಂತೆ ಹರಿದ ದಾರಿ ಬರೀ ಶೋಕಿ.

5. ಮಟ್ಟ ಮತ್ತು ನೀರಿನ ಹರಿವು

ಇಲ್ಲಿ ಅಂದಕ್ಕಿಂತ ಮನೆಯ ಆರೋಗ್ಯ ದೊಡ್ಡದು. ಗೋಡೆಗೆ ತೇವ ತಡೆಯುವ ಪದರ ಹಾಕಿರುತ್ತಾರಲ್ಲ, ಹೊರಗಿನ ಮಣ್ಣು ಅಥವಾ ಹಾಸು ಅದಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿರಬೇಕು. ಪಾತಿಗೆ ಗೊಬ್ಬರ, ಮಣ್ಣು ಏರಿಸುತ್ತಾ ಹೋಗಿ ಇದನ್ನು ಮರೆಯುವವರು ಬಹಳ. ಕಲ್ಲು ಹಾಸು ಮನೆಯಿಂದ ಹೊರಕ್ಕೆ ಇಳಿಯಲಿ: 50 ಸೆಂ.ಮೀ.ಗೆ 1 ಸೆಂ.ಮೀ. ಇಳಿತ ಸಾಕು, ಕಣ್ಣಿಗೆ ಕಾಣುವುದಿಲ್ಲ. ಮಣ್ಣಿನ ನೆಲಕ್ಕೆ ಗೋಡೆಯಿಂದ ಮೊದಲ 3 ಮೀಟರಿನಲ್ಲಿ ಸುಮಾರು 15 ಸೆಂ.ಮೀ. ಇಳಿತ ಕೊಡಿ.

ಇಳಿಜಾರು ಜಾಗವಿದ್ದರೆ ಜೆಸಿಬಿ ಕರೆಸಿ ಮಟ್ಟ ಮಾಡುವ ಆಸೆ ಬರುತ್ತದೆ. ಸ್ವಲ್ಪ ತಡೆಯಿರಿ. ಮಟ್ಟ ಮಾಡಿದ ಮೇಲೆ ಎತ್ತರದ ತಡೆಗೋಡೆ ಬೇಕು, ಅದರ ಹಿಂದೆ ನೀರು ಹೋಗಲು ಜಲ್ಲಿ, ಪೈಪು ಬೇಕು. ಒಂದು ಮೀಟರಿಗಿಂತ ಎತ್ತರದ ತಡೆಗೋಡೆಗೆ ಎಂಜಿನಿಯರ್ ಲೆಕ್ಕ ಬೇಕೇ ಬೇಕು. ಅದರ ಬದಲು 40-50 ಸೆಂ.ಮೀ.ಯ ಎರಡು ಮೂರು ತಗ್ಗು ಬದುಗಳನ್ನು ಹಾಕಿದರೆ ನೆಲದ ಆಕಾರವೂ ಉಳಿಯುತ್ತದೆ, ಕೂರಲು ಕಟ್ಟೆಯೂ ಸಿಗುತ್ತದೆ.

6. ದಾರಿ, ಮೆಟ್ಟಿಲು, ಕೂರುವ ಜಾಗ

ಒಬ್ಬರು ನಡೆಯಲು 90 ಸೆಂ.ಮೀ. ಸಾಕು. ಇಬ್ಬರು ಮಾತಾಡುತ್ತಾ ಜೊತೆಗೆ ನಡೆಯಲು 1.2ರಿಂದ 1.5 ಮೀಟರ್. ಹೊರಗಿನ ಮೆಟ್ಟಿಲು ಮನೆಯೊಳಗಿನದಕ್ಕಿಂತ ತಗ್ಗು, ಅಗಲ ಇರಬೇಕು. ಒಂದು ಸೂತ್ರ ಇಟ್ಟುಕೊಳ್ಳಿ: ಎತ್ತರದ ಎರಡು ಪಟ್ಟಿಗೆ ತುಳಿಯುವ ಅಗಲ ಕೂಡಿಸಿದರೆ 65 ಸೆಂ.ಮೀ. ಆಸುಪಾಸು ಬರಬೇಕು. ಎತ್ತರ 13 ಆದರೆ ಅಗಲ 39. ಒಂದೇ ಒಂದು ಮೆಟ್ಟಿಲು ಹಾಕಬೇಡಿ, ಯಾರಿಗೂ ಕಾಣುವುದಿಲ್ಲ, ಎಡವುತ್ತಾರೆ.

ಟೇಬಲ್ ಇಡುವ ಜಾಗವನ್ನು ಎಲ್ಲರೂ ಚಿಕ್ಕದು ಮಾಡುತ್ತಾರೆ. ಟೇಬಲ್ಲಿನ ಅಂಚಿನಿಂದ ಕುರ್ಚಿ ಹಿಂದೆ ಸರಿಸಲು 90 ಸೆಂ.ಮೀ., ಹಿಂದಿನಿಂದ ಒಬ್ಬರು ಹಾದುಹೋಗಲು ಇನ್ನಷ್ಟು. ಆರು ಜನಕ್ಕೆ 3.5 ಮೀಟರ್ ಚೌಕ ಅಂದರೂ ಸ್ವಲ್ಪ ಬಿಗಿಯೇ.

ಕಾಗದದಲ್ಲಿ ಸರಿ ಕಂಡದ್ದನ್ನು ನೆಲದ ಮೇಲೆ ಹುರಿ, ಗೂಟದಿಂದ ಗುರುತು ಮಾಡಿ. ಬಾಗಿದ ಅಂಚಿಗೆ ನೀರಿನ ಪೈಪು ಹಾಸಿ. ನಾಲ್ಕು ದಿನ ಅದರ ಮೇಲೆ ಓಡಾಡಿ. ಮಕ್ಕಳು, ನಾಯಿ ಎಲ್ಲಿ ಅಡ್ಡ ಹಾಯುತ್ತಾರೋ ಅಲ್ಲೇ ನಿಜವಾದ ದಾರಿ ಇದೆ. ಆಮೇಲೆ ಮತ್ತೆ ಒಳಗೆ ಹೋಗಿ ಕಿಟಕಿಯಿಂದ ನೋಡಿ.

7. ವಸ್ತುಗಳು: ಎರಡು, ಹೆಚ್ಚೆಂದರೆ ಮೂರು

ಮನೆಯ ಹೊರಮೈಯಲ್ಲಿ ಏನಿದೆ ನೋಡಿ. ಇಟ್ಟಿಗೆಯೋ, ಕಲ್ಲೋ, ಗಾರೆಯೋ, ಮರವೋ. ತೋಟದಲ್ಲಿ ಅದರಲ್ಲೊಂದು ಮತ್ತೆ ಬರಲಿ. ಎರಡನೆಯದು ಆ ಊರ ನೆಲದಲ್ಲಿ ಸಿಗುವ ಕಲ್ಲು ಆಗಿರಲಿ. ಅದರ ಬಣ್ಣ ಮಣ್ಣಿನ ಬಣ್ಣಕ್ಕೆ ಹೇಗೂ ಹೊಂದುತ್ತದೆ. ಹೆಸ್ಟರ್‌ಕೂಂಬ್‌ನ ಒರಟು ಕಲ್ಲು ಕೂಡ ಅಲ್ಲಿಯದೇ. ನಾಲ್ಕನೇ ವಸ್ತು ಬಂದ ಕೂಡಲೇ ತೋಟ ಟೈಲ್ಸ್ ಅಂಗಡಿಯಂತೆ ಕಾಣತೊಡಗುತ್ತದೆ.

8. ಈಗ ಗಿಡ

ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ: ಮೊದಲು ಮರ, ಆಮೇಲೆ ಹಸಿರು ಬೇಲಿ ಮತ್ತು ದೊಡ್ಡ ಪೊದೆ, ಕೊನೆಗೆ ಹೂವು ಮತ್ತು ನೆಲ ಮುಚ್ಚುವ ಗಿಡ. ನರ್ಸರಿಯ ಕವರಿನಲ್ಲಿ ಕಂಡ ಗಾತ್ರಕ್ಕೆ ಜಾಗ ಬಿಡಬೇಡಿ, ಪೂರ್ತಿ ಬೆಳೆದಾಗಿನ ಅಗಲಕ್ಕೆ ಬಿಡಿ. ಅತ್ತಿ, ಆಲದ ಜಾತಿಯ ಮರಗಳನ್ನು ಮನೆಯಿಂದ, ಪೈಪಿನಿಂದ ದೂರವಿಡಿ. ನೆಲದಡಿಯಲ್ಲೇ ದೂರಕ್ಕೆ ಹಬ್ಬುತ್ತಾ ಓಡುವ ಜಾತಿಯ ಬಿದಿರನ್ನು ತಡೆ ಇಲ್ಲದೆ ನೆಡಲೇಬೇಡಿ, ನೆರೆಯವರ ಜೊತೆ ಜಗಳ ಗ್ಯಾರಂಟಿ.

ಯಾವ ಗಿಡ ಅಂತ ತಿಳಿಯಲು ಸುತ್ತ ಒಂದು ಕಿಲೋಮೀಟರ್ ನಡೆದು ಬನ್ನಿ. ಯಾರೂ ನೀರು ಹಾಕದೆ ಬೆಳೆದದ್ದು ಯಾವುದು, ನೆರಳಿನಲ್ಲಿ ಯಾವುದಿದೆ, ಬಂಡೆಯ ಸಂದಿಯಲ್ಲಿ ಯಾವುದಿದೆ, ಬರೆದುಕೊಳ್ಳಿ. ತೋಟದ ಹೊರ ಅಂಚಿಗೆ ಅವೇ ಸರಿ. ಅಂಚು ಎಲ್ಲಿ ಮುಗಿಯಿತು, ಹೊರಗಿನ ನೆಲ ಎಲ್ಲಿ ಶುರುವಾಯಿತು ಅಂತ ಆಗ ತಿಳಿಯುವುದಿಲ್ಲ. ಬೇರೆಡೆಯಿಂದ ಬಂದ ಬಣ್ಣಬಣ್ಣದ ಎಲೆ, ಹೂವಿನ ಆಸೆಯಿದ್ದರೆ ಮನೆಯ ಪಕ್ಕದಲ್ಲಿ, ಕುಂಡದಲ್ಲಿ ತೀರಿಸಿಕೊಳ್ಳಿ. ಅಲ್ಲಿ ಅವು ಚೆನ್ನಾಗಿಯೇ ಕಾಣುತ್ತವೆ.

ಒಂದೊಂದು ಜಾತಿಯದು ಒಂದೊಂದೇ ತರಬೇಡಿ. ಐದು, ಏಳು, ಹದಿನೈದು ಹೀಗೆ ಗುಂಪಾಗಿ ನೆಡಿ. ಕಡಿಮೆ ಜಾತಿ, ಜಾಸ್ತಿ ಗಿಡ. ಎಲೆಯ ಆಕಾರ, ಗಾತ್ರ ನೋಡಿ ಆರಿಸಿ. ಹೂವು ಕೆಲವು ವಾರ ಇರುತ್ತದೆ, ಎಲೆ ಹೆಚ್ಚು ಕಾಲ ಇರುತ್ತದೆ. ನೆಟ್ಟ ಮೇಲೆ 5-8 ಸೆಂ.ಮೀ. ದಪ್ಪ ಒಣ ಎಲೆ ಅಥವಾ ತೊಗಟೆ ಚೂರಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ.

ದೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಟ್ಟಿಲಿಗೆ, ದಾರಿಯ ತಿರುವಿಗೆ ಬೇಕು. 2700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯ ಹಳದಿ ಬೆಳಕು, ಕೆಳಮುಖವಾಗಿ. ಪ್ರತಿ ಮರಕ್ಕೂ ಕೆಳಗಿಂದ ಬೆಳಕು ಹೊಡೆದರೆ ಹುಳುಗಳಿಗೂ ತೊಂದರೆ, ಆಚೆಗಿನ ಬೆಟ್ಟವೂ ಕತ್ತಲಲ್ಲಿ ಕಾಣದು.

9. ಕೆಲಸದ ಸರದಿ

ಮರಗಳಿಗೆ ರಕ್ಷಣೆ, ಆಮೇಲೆ ಮಣ್ಣಿನ ಮಟ್ಟ, ನೆಲದಡಿಯ ಪೈಪು ಮತ್ತು ವೈರು, ಗೋಡೆ ಮತ್ತು ಮೆಟ್ಟಿಲು, ಹಾಸು, ಮಣ್ಣಿಗೆ ಗೊಬ್ಬರ, ಮರ, ಪೊದೆ, ಕೊನೆಗೆ ಹುಲ್ಲು. ಹಾಸು ಹಾಕುವ ಮುಂಚೆ ಅದರಡಿ ಒಂದೆರಡು ಖಾಲಿ ಪೈಪು ಅಡ್ಡ ಹಾಕಿಸಿ ಬಿಡಿ. ಮುಂದೆ ನೀರಿಗೋ ದೀಪಕ್ಕೋ ಬೇಕಾದಾಗ ಒಡೆಯುವ ಕೆಲಸ ಇರುವುದಿಲ್ಲ. ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಮರವನ್ನು ಮಾತ್ರ ಮುಂದೂಡಬೇಡಿ. ಕೆಲಸದವರ ಓಡಾಟ ಇಲ್ಲದ ಕಡೆ ಮೊದಲ ವರ್ಷವೇ ನೆಟ್ಟುಬಿಡಿ, ಹಾಸು ಎರಡು ವರ್ಷ ತಡವಾದರೂ ನಷ್ಟವಿಲ್ಲ.

ಮೊದಲ ಎರಡು ವರ್ಷ ವಾರಕ್ಕೊಮ್ಮೆಯೋ ಎರಡು ಸಲವೋ ಆಳಕ್ಕೆ ಇಳಿಯುವಂತೆ ನೀರು ಕೊಡಿ. ದಿನಾ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಹಸಿರು ಬೇಲಿಯನ್ನು ಹುರಿ ಕಟ್ಟಿಕೊಂಡೇ ಕತ್ತರಿಸಿ. ಬುಡ ಅಗಲ, ತಲೆ ಸ್ವಲ್ಪ ಕಿರಿದು ಇರಲಿ, ಆಗ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ, ಬುಡ ಬೋಳಾಗುವುದಿಲ್ಲ. ಗಿಡಗಳ ನಡುವೆ ಮೊದಮೊದಲು ಖಾಲಿ ಕಾಣುತ್ತದೆ ಅಂತ ಬೇಗ ಬೆಳೆಯುವ ಗಿಡ ತುಂಬಿಸಿದ್ದರೆ, ಮೂರನೇ ವರ್ಷ ಅವನ್ನು ತೆಗೆಯುವ ಧೈರ್ಯ ಮಾಡಿ. ಇಲ್ಲದಿದ್ದರೆ ಅವು ಮುಖ್ಯ ಗಿಡವನ್ನೇ ನುಂಗುತ್ತವೆ. ತೆಗೆದದ್ದನ್ನು ಎಸೆಯಬೇಡಿ. ಬುಡದ ಮಣ್ಣಿನ ಸಮೇತ ಕುಂಡಕ್ಕೆ ಹಾಕಿ, ಎರಡು ವಾರ ನೆರಳಿನಲ್ಲಿಟ್ಟರೆ ಹೆಚ್ಚಿನವು ಬದುಕುತ್ತವೆ. ಬೇಕಾದವರಿಗೆ ಕೊಡಬಹುದು.